ನೆಲದಜ್ಜ ಬೇಡಿದ ಎಡೆ

“ಉಚ್ಚೆ ಹೊಯ್ಯಾಕೆ ಸಂಬ್ಳ ಕೊಡ್ತೀವೇನೇ ಬೋಸುಡಿ? ಕುಂತ್ಕ.”

ಮೇಸ್ತ್ರಿ ವುಥಿ ಹಾಗೆಂದದ್ದು ಸರೋಮ್‌ಗೆ. ಏಳು ತಿಂಗಳ ಬಸುರಿ, ಎದ್ದವಳು ಹಾಗೇ ಹೊಲಿಗೆ ಯಂತ್ರದ ಮುಂದೆ ಕುಸಿದು ಕೂತಳು. ಪಕ್ಕದಲ್ಲಿ ಅಂಗಿಗೆ ತೋಳು ಜೋಡಿಸುತ್ತಿದ್ದ ಕುಂಥಿಯಾ ತಲೆ ಎತ್ತಲಿಲ್ಲ. ಕಾಂಬೋಡಿಯದ ನೋಂಪೆನ್ ನಗರದ ಅಂಚಿನ ಆ ತಗಡಿನ ಕಾರ್ಖಾನೆಯಲ್ಲಿ ತಲೆ ಎತ್ತಿದವಳಿಗೂ ಬೈಗುಳದಲ್ಲಿ ಪಾಲಿತ್ತು.

ಹಿಂದಿನ ಬಾಗಿಲು ತೆಗೆದರೆ ಹೊಳೆಯ ಗಾಳಿ ಬರುತ್ತಿತ್ತು. ಹೆಂಗಸರು ನುಸುಳಿ ಹೋಗುತ್ತಾರೆಂದು ವುಥಿ ಅದಕ್ಕೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ಹಿಂದಿನ ವಾರ ಧಗೆಗೆ ಒಬ್ಬಳ ಹಿಂದೊಬ್ಬಳು ಮೂರ್ಛೆ ಹೋದಾಗ, ಹೊಟ್ಟೆಗೆ ತಿನ್ನದೆ ಬಂದರೆ ಇನ್ನೇನಾಗುತ್ತದೆ ಎಂದು ತಾನೇ ವೈದ್ಯನಾಗಿದ್ದ. ಸರೋಮ್ ಅವತ್ತೂ ಬಿದ್ದಿದ್ದಳು. ಇನ್ನೊಮ್ಮೆ ಬಿದ್ದರೆ ಮಗು ದಕ್ಕುವುದಿಲ್ಲ ಎಂದು ಸೂಲಗಿತ್ತಿ ಕುಂಥಿಯಾಳ ಕಿವಿಯಲ್ಲಿ ಹೇಳಿದ್ದಳು.

ಇವತ್ತು ಪರದೇಶದಿಂದ ಒಬ್ಬ ಪ್ರೊಫೆಸರಮ್ಮ ವಿದ್ಯಾರ್ಥಿಗಳ ಹಿಂಡು ಕಟ್ಟಿಕೊಂಡು, ಜಾಗತೀಕರಣದಿಂದ ಈ ಸೀಮೆಯ ಬದುಕು ಹೇಗೆ ಬದಲಾಗಿದೆಯೆಂದು ಅಭ್ಯಾಸ ಮಾಡಲು ಬರುವವಳಿದ್ದಳು. ಏನು ಕೇಳಿದರೂ “ಬಾಳ ಬದ್ಲಾಗೈತೆ, ಕೈಗೆ ಫೋನ್ ಬಂದೈತೆ” ಎನ್ನಬೇಕೆಂದು ವುಥಿ ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದ.

ಅವರು ಬಂದರು, ನಕ್ಕರು, ಪೆನ್ನು ತೆಗೆದರು. ಪ್ರೊಫೆಸರಮ್ಮನ ಪ್ರಶ್ನೆಯನ್ನು ದುಭಾಷಿ ಹುಡುಗಿ ಕುಂಥಿಯಾಳಿಗೆ ತಿಳಿಸುತ್ತಿದ್ದಾಗಲೇ ಸರೋಮ್ ಪೀಠದಿಂದ ಜಾರಿ ನೆಲಕ್ಕೆ ಬಿದ್ದಳು. ಬಸುರಿ ಹೆಂಗಸರ ನಾಟಕ ಎಂದು ವುಥಿ ಹಲ್ಲು ಕಿರಿದ.

ಕುಂಥಿಯಾ ನಡುಗುತ್ತ ಎದ್ದಳು. ಪೀಠ ಉರುಳಿತು. ಬಾಯಿಂದ ಬಂದದ್ದು ಮುದುಕನ ಗೊಗ್ಗರು ದನಿ.

“ಒಂದ್ ಸಿಗರೇಟ್ ಕೊಡ್ರಲಾ. ನನ್ ಮರ ಕಡ್ದೋನು ಯಾವನು?”

ಹೆಂಗಸರೆಲ್ಲ ಕತ್ತರಿ ಕೆಳಗಿಟ್ಟು, ನೆಲಕ್ಕೆ ಕೂತು ಕೈಮುಗಿದರು. ಅವಳ ಮೈಮೇಲೆ ಬಂದದ್ದು ನೆಲದಜ್ಜ, ಆ ಜಾಗ ಕಾಯುವ ದೈವ. ಹಿಂದಿನ ಬಾಗಿಲ ಹತ್ತಿರವೇ ಅವನ ಮರ, ಮರದ ಬುಡದಲ್ಲಿ ಗುಡಿ ಇತ್ತು. ಕಾರ್ಖಾನೆ ಕಟ್ಟುವಾಗ ಎರಡನ್ನೂ ಕಿತ್ತೆಸೆದಿದ್ದರು. ವುಥಿ ಎಷ್ಟೇ ದೊಡ್ಡ ಮೇಸ್ತ್ರಿಯಾದರೂ ಅಮ್ಮನ ಸೆರಗು ಹಿಡಿದು ಅಂಥ ಗುಡಿಗಳಿಗೆ ಅಡ್ಡಬಿದ್ದು ಬೆಳೆದವನೇ. ಅವನೂ ಮಂಡಿಯೂರಿ ಕೈಮುಗಿದ.

“ನನ್ ಮೊಮ್ಮಕ್ಳು ಉಚ್ಚೆ ಹೊಯ್ಯಾಕೂ ನಿನ್ ಅಪ್ಪಣೆ ಬೇಕೇನ್ಲಾ ಬೋಸುಡಿಮಗ್ನೆ?”

“ತಪ್ಪಾಯ್ತಜ್ಜ. ಹುರ್ದಿರೋ ಕೋಳಿ ಇಕ್ತೀನಿ.”

“ಇಕ್ಕು. ಕೆಂಪು ಸೋಡಾನೂ ಇಕ್ಕು. ಆ ಕೀಲಿನೂ ಇಕ್ಕು. ಅದು ನನ್ ಬಾಗ್ಲು.”

ಹಿರಿಯರು ಗಾಳಿ ಬೆಳಕಿನ ಬಗ್ಗೆ ಸಲಹೆ ಕೊಡುತ್ತಿದ್ದಾರೆ ಎಂದು ದುಭಾಷಿ ಪ್ರೊಫೆಸರಮ್ಮನಿಗೆ ತಿಳಿಸಿದಳು.

ವುಥಿ ಅವಸರಕ್ಕೆ ಕೀಲಿಯನ್ನು ತಲೆಕೆಳಗಾಗಿ ತೂರಿಸಿದ, ಬೀಗ ಬೇಗ ತೆರೆಯಲಿಲ್ಲ. ಅಜ್ಜ ಅದಕ್ಕೂ ಬೈದ. ಬಾಗಿಲು ತೆರೆದದ್ದೇ ಹೆಂಗಸರು ಸರೋಮ್‌ಳನ್ನು ಹೊತ್ತು ಹೊಳೆದಂಡೆಗೆ ಓಡಿದರು. ಗಾಳಿ ಸೋಕಿ ಕಣ್ಣು ಬಿಟ್ಟವಳು ಮೊದಲು ವುಥಿಯ ವಂಶವನ್ನೆಲ್ಲ ಜಾಲಾಡಿದಳು, ಆಮೇಲೆ ಹೊಟ್ಟೆ ಮುಟ್ಟಿಕೊಂಡು, ಒದೀತೈತೆ ಎಂದಳು.

ಪ್ರೊಫೆಸರಮ್ಮ ಕುಂಥಿಯಾಳನ್ನು ಬಿಡಲಿಲ್ಲ. ಅಜ್ಜ ನಿಜವಾಗಿ ಬಂದಿದ್ದನೇ, ಅಥವಾ ಇದು ಕೆಲಸಗಾರರ ಪ್ರತಿರೋಧದ ಒಂದು ಬಗೆಯೇ ಎಂದು ದುಭಾಷಿಯ ಮೂಲಕ ಕೇಳಿಸಿದಳು.

ಕುಂಥಿಯಾ ಬೆವರು ಒರೆಸಿಕೊಂಡಳು.

“ಬಾಳ ಬದ್ಲಾಗೈತೆ,” ಅಂದಳು. “ಕೈಗೆ ಫೋನ್ ಬಂದೈತೆ.”

ಮರುದಿನ ಬಾಗಿಲ ಪಕ್ಕ ಹೊಸ ಗುಡಿ ಎದ್ದಿತ್ತು. ತಟ್ಟೆಯಲ್ಲಿ ಕೋಳಿ, ಕೆಂಪು ಸೋಡಾ, ನಡುವೆ ಕೀಲಿ, ಪಕ್ಕದಲ್ಲಿ ಊದಿನಕಡ್ಡಿಯ ಕಟ್ಟು. ಮಧ್ಯಾಹ್ನ ವುಥಿ ಅತ್ತಿತ್ತ ನೋಡಿ ತಟ್ಟೆಯ ಕೀಲಿಗೆ ಕೈ ಹಾಕಿದ.

ಕುಂಥಿಯಾ ತಲೆ ಎತ್ತಲಿಲ್ಲ. ತೋಳು ಜೋಡಿಸುತ್ತಲೇ ಒಮ್ಮೆ, ಮುದುಕನ ಹಾಗೆ, ಕೆಮ್ಮಿದಳು.

ವುಥಿಯ ಕೈ ಊದಿನಕಡ್ಡಿಯ ಕಡೆ ಹೊರಳಿತು.