ಟೇಪು ಮುಗಿದ ಮೇಲೆ

ವಿಟ್ಲದ ಬಸ್ ನಿಲ್ದಾಣದ ಎದುರು ಯಾಕೂಬನ ಕ್ಯಾಸೆಟ್ ಅಂಗಡಿ. ಅದರೊಳಗೆ ಹಲಗೆ ಹೊಡೆದು ಮಾಡಿದ ಪುಟ್ಟದೊಂದು ಕೋಣೆ. ತೊಂಬತ್ತರ ದಶಕದಲ್ಲಿ, ಗಂಡ ಗಲ್ಫಿನಲ್ಲಿದ್ದ ಹೆಂಗಸರು ಕಾಗದ ಬರೆಯುವ ಬದಲು ಅಲ್ಲಿ ಕೂತು ಕ್ಯಾಸೆಟ್ಟಿಗೆ ಮಾತು ತುಂಬುತ್ತಿದ್ದರು. ರಜೆ ಮುಗಿಸಿ ಹೊರಟವರ ಪೆಟ್ಟಿಗೆಯಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ, ಆ ಮಾತು ಸೌದಿಯ ದಮಾಮ್ ಸೇರುತ್ತಿತ್ತು. ಬೆಂಚಿನ ಮೇಲೆ ಸರದಿ ಕಾಯುತ್ತ ಒಬ್ಬಳ ಕೂಸನ್ನು ಇನ್ನೊಬ್ಬಳು ಆಡಿಸುತ್ತಿದ್ದಳು.

ಆಗ ಒಂದೇ ಕಿರಿಕಿರಿ. ಟೇಪು ಟಕ್ ಎಂದು ನಿಂತರೂ ಒಳಗಿದ್ದವರು ಹೊರಗೆ ಬರುತ್ತಿರಲಿಲ್ಲ. ಹತ್ತು ನಿಮಿಷ, ಕಾಲು ಗಂಟೆ. ಇವನು ಬಾಗಿಲು ಬಡಿದು ಎಬ್ಬಿಸಬೇಕು.

ಎರಡು ಸಾವಿರದ ಮೂರರಲ್ಲಿ ಮೊಬೈಲ್ ಮನೆಮನೆಗೆ ಬಂತು. ಯಾಕೂಬ ಹಟಕ್ಕೆ ಬಿದ್ದು ಇನ್ನೂ ಒಳ್ಳೆಯ ರೆಕಾರ್ಡರ್ ತಂದ. ಬೆಂಚು ಖಾಲಿಯಾಗಿಯೇ ಉಳಿಯಿತು. ಕೊನೆಗೆ ಮೊಬೈಲ್ ಕಂಪನಿಯವನೊಬ್ಬ ಬಂದು, ಸೋಮವಾರದೊಳಗೆ ಕೋಣೆ ಕಿತ್ತು ಅಂಗಡಿ ಅಗಲ ಮಾಡಿದರೆ ಏಜೆನ್ಸಿ ನಿನಗೆ, ಇಲ್ಲವಾದರೆ ಪಕ್ಕದವನಿಗೆ ಎಂದ. ಯಾಕೂಬ ಒಪ್ಪಿದ.

ಭಾನುವಾರದ ಓದುಕೂಟ ಮುಗಿಸಿ ಬಂದ ವಿಜ್ಞಾನದ ಧನರಾಜ್ ಮಾಷ್ಟ್ರ ಹತ್ತಿರ ಯಾಕೂಬ ಹೇಳಿಕೊಂಡ. "ನನ್ನ ಮೆಷಿನಿನಲ್ಲಿ ಉಸಿರು ಸಹ ಕೇಳ್ತದೆ ಮಾಷ್ಟ್ರೇ. ಮೊಬೈಲಿನಲ್ಲಿ ಬರೀ ಕರಕರ. ಆದ್ರೂ ಜನ ಅದಕ್ಕೇ."

"ಎತ್ತಿಗೆ ಹೊಸ ಲಾಳ ಹೊಡೆದ್ರೆ ಬಸ್ಸಾಗ್ತದಾ ಮಾರಾಯ? ಭೂಮಿಯನ್ನು ಸೂರ್ಯನೇ ಸುತ್ತುವುದು ಅಂತ ನಂಬಿದವರೂ ಹೀಗೇ, ಹಳೇ ಲೆಕ್ಕವನ್ನೇ ತಿದ್ದಿದ್ದು, ತಿದ್ದಿದ್ದು. ಲೆಕ್ಕಕ್ಕೆ ಕೂರದ್ದು ಒಂದು ಕಣ್ಣೆದುರೇ ಇರ್ತದೆ. ಅದನ್ನು ಕಸ ಅಂತ ಗುಡಿಸಿ ಹಾಕುವುದು. ನೀನು ಗುಡಿಸಿದ್ದು ಯಾವುದು, ನೋಡು."

ಯಾಕೂಬ ಅಂಗಡಿಯ ಮೂಲೆಯಲ್ಲಿದ್ದ ಪೊರಕೆಯತ್ತ ನೋಡಿದ.

ಸೋಮವಾರ ಬಡಗಿ ಜತ್ತಪ್ಪ ಮೊದಲ ಹಲಗೆಗೆ ಸುತ್ತಿಗೆ ಹಾಕುವಾಗ ಖದೀಜ ಬಂದಳು. ಮದುವೆಯಾದ ಮೂರೇ ತಿಂಗಳಿಗೆ ಗಂಡನನ್ನು ವಿಮಾನ ಹತ್ತಿಸಿ, ವರ್ಷಗಟ್ಟಲೆ ಇಲ್ಲಿ ಮಾತು ತುಂಬಿದವಳು. ಕೈಯಲ್ಲಿ ಅವನು ಕಳಿಸಿದ ಮೊಬೈಲ್.

"ಯಾಕೂಬಾಕ, ಕೋಣೆ ಖಾಲಿ ಉಂಟಾ?"

"ನಿನಗೆ ಇನ್ನು ಕ್ಯಾಸೆಟ್ ಯಾಕೆ?"

"ಕ್ಯಾಸೆಟ್ ಬೇಡ. ಇದರಲ್ಲೇ ಮಾತಾಡ್ತೇನೆ. ಮನೆಯಲ್ಲಿ ಮಾಮಿ, ನಾದಿನಿ, ಮೈದುನ, ಎಲ್ಲರ ಕಿವಿ ಇದಕ್ಕೇ. ಚೆನ್ನಾಗಿದ್ದೇನೆ ಅಂತ ಹೇಳಿ ಫೋನು ಇಡುವುದು." ಅವಳು ಹಲಗೆಯತ್ತ ನೋಡಿದಳು. "ಮುಂಚೆ ಟೇಪು ಮುಗಿದ್ರೂ ಕೂತಿರ್ತಿದ್ದದ್ದು ಯಾಕೆ ಅಂತ ಗ್ರಹಿಸಿದ್ರಿ? ಅಳ್ಲಿಕ್ಕಾದ್ರೂ ಒಂದು ಬಾಗಿಲು ಬೇಡವಾ?"

ತಾನು ಕಸವೆಂದು ಗುಡಿಸಿದ್ದು ಯಾವುದೆಂದು ಯಾಕೂಬನಿಗೆ ಈಗ ಕಂಡಿತು. ಇಡೀ ಮನೆಗೆ ಬೇಯಿಸಿ, ಬಡಿಸಿ, ಹೆತ್ತು, ತನ್ನದೆನ್ನುವ ಒಂದು ಚಿಲಕವೂ ಇಲ್ಲದ ಹೆಣ್ಣುಗಳು. ಊರಿಗೆ ಫೋನು ಬಂತು, ಟವರು ಬಂತು. ಇವರ ಪಾಲಿಗೆ ಒಂದು ಕದ ಇಡಬೇಕೆಂದು ಯಾವ ಕಂಪನಿಗೂ, ಯಾವ ಗಂಡನಿಗೂ ತೋಚಲಿಲ್ಲ. ಇದ್ದ ಒಂದೇ ಬಾಗಿಲನ್ನು ಇವನು ಸರದಿಯ ಹೆಸರಿನಲ್ಲಿ ಬಡಿಯುತ್ತಿದ್ದ.

"ಜತ್ತಪ್ಪ, ಹಲಗೆ ಇರಲಿ."

"ಕಂಪನಿಯವರು ಮೂರು ಗಂಟೆಗೆ ಬರ್ತಾರಲ್ಲ?"

"ಬರಲಿ. ಪಕ್ಕದ ಅಂಗಡಿ ತೋರಿಸುವ."

ಖದೀಜ ಒಳಗೆ ಹೋಗಿ ಅಗಳಿ ಹಾಕಿಕೊಂಡಳು. ಯಾಕೂಬ ಕೈಗೆ ಸಿಕ್ಕಿದ ಹಾಡಿನ ಕ್ಯಾಸೆಟ್ ಹಾಕಿ, ಒಳಗಿನ ಒಂದು ಮಾತೂ ಹೊರಗೆ ಕೇಳದಷ್ಟು ದೊಡ್ಡದು ಮಾಡಿದ.