ಬೆಳೆಯಲು ಬಿಟ್ಟ ಜಾಗ

ಮತ್ತೊಂದು ಪದಕ, ಎಡ ಪಕ್ಕೆಲುಬುಗಳ ನಡುವೆ, ಕೋಟಿನ ಗುಂಡಿಯಷ್ಟಗಲ, ಬೆಳ್ಳಗೆ ದುಂಡಗೆ, ಹೃದಯದ ಅಂಚಿಗೆ ಅಂಟಿಕೊಂಡ ಹಾಗೆ ಎಕ್ಸ್‌ರೇ ಪರದೆಯ ಮೇಲೆ ಕೂತುಬಿಟ್ಟಿದೆ, ಕೊರಳಲ್ಲಿ ಏನಿದ್ದರೂ ತೆಗೆದು ಆ ತಟ್ಟೆಯಲ್ಲಿಡಿ ಎಂದು ಬಾಯಿಬಿಟ್ಟು ಹೇಳಿದ್ದಳಲ್ಲ, ಮುದುಕ ತಲೆಯಾಡಿಸಿ ಕನ್ನಡಕ ತೆಗೆದಿಟ್ಟ, ಕೈಗಡಿಯಾರ ತೆಗೆದಿಟ್ಟ, ಇದನ್ನು ಮಾತ್ರ ಬನಿಯನ್ನಿನ ಒಳಗೆ ತಳ್ಳಿಕೊಂಡು ನಿಂತ, ಈಗ ಇನ್ನೊಂದು ಸಲ ತೆಗೆಯಬೇಕು, ಬೆಳಗ್ಗಿನಿಂದ ಇದು ನಾಲ್ಕನೆಯದು. ಯಜಮಾನ್ರೇ, ಅದನ್ನೂ ತೆಗೀಬೇಕು ಅಂದಳು. ಮುದುಕ ಮಗುವಿನ ಹಾಗೆ ಎದೆ ಮುಚ್ಚಿಕೊಂಡ, ಅಮ್ಮಾ, ನಲವತ್ತು ವರ್ಷ ನಾನು ಯಾವುದನ್ನೂ ನಂಬಿದವನಲ್ಲ, ಮನೆಯವಳು ಕಟ್ಟೋಕೆ ಬಂದ್ರೆ ಬೈದು ಕಳಿಸ್ತಿದ್ದೆ, ಹೋದ ವಾರ ನಾನೇ ಕೇಳಿ ಹಾಕಿಸ್ಕೊಂಡೆ, ಈಗ ತೆಗೆದ್ರೆ ಮೇಲಿರೋನು ಅದನ್ನೂ ನೋಡ್ತಾನಲ್ಲ ಅಂದ. ನೋಡಲಿ ಬಿಡಿ, ಐದು ನಿಮಿಷ ಅಷ್ಟೇ, ನಾನೇ ತೆಗಿಸಿದೆ ಅಂತ ಹೇಳಿ, ನನ್ನ ಮೇಲೆ ಹಾಕಿ ಅಂದಳು, ಅವನು ಅವಳ ಮುಖವನ್ನೇ ನೋಡಿದ, ತಮಾಷೆಯೋ ನಿಜವೋ ಗೊತ್ತಾಗದೆ, ಕೊನೆಗೆ ದಾರ ಬಿಚ್ಚಿ ಅವಳ ಅಂಗೈಯಲ್ಲಿಟ್ಟ, ಮೈಬಿಸಿಗೆ ಬೆಚ್ಚಗಿತ್ತು ಪದಕ, ಎದೆ ಹಲಗೆಗೆ ಒತ್ತಿ, ಗದ್ದ ಮೇಲೆತ್ತಿ, ಉಸಿರು ಎಳೆದುಕೊಳ್ಳಿ, ಹಿಡಿಯಿರಿ, ಬಿಡಿ — ಇಪ್ಪತ್ಮೂರು ವರ್ಷದಿಂದ ಇದೇ ಮಾತು, ನಿದ್ದೆಯಲ್ಲೂ ಹೇಳುತ್ತೀ ಎಂದು ಗಂಡ ನಗುತ್ತಿದ್ದ, ಇಪ್ಪತ್ಮೂರು ವರ್ಷದಿಂದ ಜನರ ಒಳಗನ್ನು ನೋಡುತ್ತಲೇ ಬಂದಿದ್ದಾಳೆ, ನುಂಗಿದ ಪಿನ್ನು, ಮರೆತುಹೋದ ಹಳೆಯ ಮುರಿತ, ಕಫ, ನೀರು, ಗಾಳಿ, ಎಲ್ಲ ಕಂಡಿದೆ, ಇನ್ನೇನೂ ಕಂಡಿರಲಿಲ್ಲ.

ಹೋದ ಗುರುವಾರದ ಹಿಂದಿನ ಗುರುವಾರ ಅದು, ಬೆಳಗಿನ ಹೊತ್ತು, ಸಿಂಕಿನಲ್ಲಿ ಹಾಲಿನ ಪಾತ್ರೆ ತಿಕ್ಕುತ್ತಿದ್ದಳು, ತಳ ಹಿಡಿದಿತ್ತು, ರೇಡಿಯೋದಲ್ಲಿ ಒಬ್ಬ ವಿಜ್ಞಾನಿ ಮಾತಾಡಿದ, ದೇವರಿದ್ದಾನೆ ಅನ್ನುವುದು ಸುಳ್ಳೆಂದು ತೋರಿಸಿಯೇ ತೀರುತ್ತೇನೆಂದು ಏಳು ವರ್ಷ ಹಠ ಹಿಡಿದು ಕೂತವನು, ಫಲಿತಾಂಶವನ್ನು ಅವನೇ ಓದಿದ. ಎರಡೇ ಮಾತು ಹೇಳಿದರು, ಇದ್ದಾನೆ ಅನ್ನುವುದು ಒಂದು, ನಮ್ಮಲ್ಲಿ ಒಬ್ಬೊಬ್ಬರ ಬಗ್ಗೆಯೂ ಅವನಿಗೆ ಗೊತ್ತಿದೆ ಅನ್ನುವುದು ಇನ್ನೊಂದು, ಯಾರ ದೇವರು, ಏನು ಬೇಕಂತೆ, ಸತ್ತ ಮೇಲೆ ಏನು, ಇದೊಂದೂ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ ಅಂದರು. ಇದ್ದಾನೆ, ಗೊತ್ತಿದೆ. ಅವಳು ಪಾತ್ರೆ ತಿಕ್ಕಿ ಮುಗಿಸಿದಳು, ತೊಳೆದು ಬೋರಲು ಹಾಕಿದಳು, ಆಸ್ಪತ್ರೆಗೆ ಹೊತ್ತಾಗಿತ್ತು, ಬಸ್ಸಿನಲ್ಲಿ ಯಾರೂ ಯಾರ ಕಾಲನ್ನೂ ತುಳಿಯಲಿಲ್ಲ, ಕಂಡಕ್ಟರು ಎಲ್ಲರನ್ನೂ ನೀವು ತಾವು ಎನ್ನುತ್ತಿದ್ದ, ಒಂದು ವಾರ ನಡೆಯಿತು ಆ ಮರ್ಯಾದೆ, ನಿನ್ನೆ ಮತ್ತೆ ಬೈಗುಳ ಶುರುವಾಗಿದೆ, ಅವನು ನೋಡುತ್ತಿದ್ದರೂ ಬಸ್ಸು ತುಂಬುವಷ್ಟು ತುಂಬೇ ತುಂಬುತ್ತದಲ್ಲ. ಶನಿವಾರ ಗ್ರಂಥಾಲಯದ ಹಿಂದಿನ ಕೋಣೆಗೆ ಹೋಗದೆ ಇರಲಾಗಲಿಲ್ಲ, ನಂಬದವರು ಏಳು ಜನ ತಿಂಗಳಿಗೆರಡು ಸಲ ಸೇರಿ ಚಹಾ ಕುಡಿದು ವಾದ ಮಾಡುವ ಜಾಗ, ಅಂದು ಬಂದವರು ನಾಲ್ಕೇ ಮಂದಿ, ಚಹಾ ಬಂದು ಕೆನೆಗಟ್ಟಿದರೂ ಯಾರೂ ಮುಟ್ಟಲಿಲ್ಲ. ಗಣಿತದ ಮೇಷ್ಟ್ರು ಎದ್ದು ನಿಂತು, ನಾವು ಸಾಕ್ಷಿ ಕೇಳ್ತಿದ್ವಿ, ಸಾಕ್ಷಿ ಬಂತು, ಒಪ್ಕೊಳ್ಳೋದೇ ನಮ್ಮ ಮರ್ಯಾದೆ, ಇವತ್ತು ಒಪ್ಪದೆ ಹೋದ್ರೆ ನಾವೂ ಕುರುಡು ನಂಬಿಕೆಯವರೇ ಅಂದರು, ಧ್ವನಿ ಗಟ್ಟಿಯಾಗಿಯೇ ಇತ್ತು, ಕೈಗಳು ಮಾತ್ರ ಕುರ್ಚಿಯ ಬೆನ್ನನ್ನು ಬಿಡಲಿಲ್ಲ. ದರ್ಜಿ ನಕ್ಕುಬಿಟ್ಟ, ಇದ್ರೆ ಇರ್ಲಿ ಸಾರ್, ಇದ್ದಾನೆ ಅಂತ ಒಪ್ಕೊಂಡೆ, ಅಡ್ಡ ಬೀಳಬೇಕು ಅಂತ ಎಲ್ಲಿ ಸಾಬೀತಾಯ್ತು, ನಮ್ಮ ಬೀದೀಲಿ ಪೊಲೀಸ್ ಠಾಣೆ ಇದೆ, ಇರೋದು ನಿಜ, ದಿನಾ ಹೋಗಿ ಕೈಮುಗೀತೀನಾ. ಹಲ್ಲಿನ ಡಾಕ್ಟರಮ್ಮ ಅಳುತ್ತಿದ್ದರು, ಯಾಕೆ ಎಂದು ಕೇಳಿದರೆ, ಸಂತೋಷಾನೋ ಭಯಾನೋ ನನಗೇ ಗೊತ್ತಾಗ್ತಿಲ್ಲ, ಇಷ್ಟು ವರ್ಷ ಒಬ್ಬಳೇ ಮಾತಾಡ್ಕೊಂಡಿದ್ದೆಲ್ಲ ಯಾರೋ ಕೇಳಿಸ್ಕೊಂಡಿದ್ರು ಅಂದ್ರೆ ಅಂದರು. ಎಲ್ಲರೂ ಅವಳ ಕಡೆ ತಿರುಗಿದರು, ನೀವೇನು ಹೇಳ್ತೀರಿ ಎಕ್ಸ್‌ರೇ ಮೇಡಂ, ಅವಳು ಚಹಾದ ಕೆನೆಯನ್ನು ಚಮಚದಲ್ಲಿ ಪಕ್ಕಕ್ಕೆ ಸರಿಸಿದಳು, ಏನೂ ಇಲ್ಲ ಅಂದಳು, ಏನೂ ಇಲ್ಲ ಎಂದು ಹೇಗೆ ಹೇಳುತ್ತಾಳೆ, ಅವಳಲ್ಲಿದ್ದ ಒಂದೇ ಒಂದು ಸಮಾಧಾನವನ್ನು ಆ ಸುದ್ದಿ ಕಿತ್ತುಕೊಂಡು ಹೋದ ಮೇಲೆ.

ಯಾಕೆಂದರೆ ಯಾರೂ ಇಲ್ಲ ಅನ್ನುವುದು ಅವಳಿಗೆ ವಾದವಾಗಿರಲಿಲ್ಲ, ಹಾಸಿಗೆಯಾಗಿತ್ತು, ಆರು ವರ್ಷದಿಂದ ಅದರ ಮೇಲೆಯೇ ಮಲಗುತ್ತಿದ್ದಳು. ಮಗಳು ಮಿಡತೆಗೆ ಆಗ ಎಂಟು ವರ್ಷ, ಮಿಡತೆ ಎಂದು ಹೆಸರಿಟ್ಟವಳು ಅಕ್ಕ, ಹುಡುಗಿ ನಡೆಯುವುದೇ ಇಲ್ಲ ಕಣೆ, ಹಾರ್ತಾಳೆ ಎಂದು, ಎಂಟು ವರ್ಷದವಳಿಗೆ ಜ್ವರ ಬಂತು, ಜ್ವರ ಮಿದುಳಿಗೇರಿತು, ಶ್ವಾಸಕೋಶಕ್ಕೂ ಇಳಿಯಿತು, ಇದೇ ಆಸ್ಪತ್ರೆ, ಮೇಲಿನ ಮಹಡಿ, ಹದಿನೇಳು ದಿನ. ದಿನಾ ಬೆಳಗ್ಗೆ ತಳ್ಳುವ ಎಕ್ಸ್‌ರೇ ಯಂತ್ರವನ್ನು ಅವಳೇ ಲಿಫ್ಟಿನಲ್ಲಿ ಮೇಲೆ ಒಯ್ದು ಮಗಳ ಎದೆಯ ಚಿತ್ರ ತೆಗೆದಳು, ಬೇರೆಯವರು ತೆಗೀತಾರೆ ಬಿಡಿ ಎಂದು ಡಾಕ್ಟರು ಹೇಳಿದರೂ ಬಿಡಲಿಲ್ಲ, ಪ್ಲೇಟು ತಣ್ಣಗಿರುತ್ತದೆ, ಬೆನ್ನ ಕೆಳಗೆ ಇಡುವ ಮುಂಚೆ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಬೇಕು, ಅದು ಬೇರೆಯವರಿಗೆ ಗೊತ್ತಿಲ್ಲ. ದಿನದಿಂದ ದಿನಕ್ಕೆ ಬಿಳಿ ಹೆಚ್ಚಾಯಿತು, ಕಪ್ಪು ಕಡಿಮೆಯಾಯಿತು, ಶ್ವಾಸಕೋಶದಲ್ಲಿ ಕಪ್ಪಿದ್ದರೆ ಒಳ್ಳೆಯದು, ಕಪ್ಪೆಂದರೆ ಗಾಳಿ, ಹದಿನೆಂಟನೆಯ ದಿನ ಯಂತ್ರ ಒಯ್ಯುವ ಕೆಲಸವಿರಲಿಲ್ಲ. ಆಮೇಲೆ ಅವಳು ತನಗೆ ತಾನೇ ಹೇಳಿಕೊಂಡಳು, ಯಾರೂ ಬೇಕೆಂದು ಮಾಡಿದ್ದಲ್ಲ, ಆ ಕ್ರಿಮಿಗೆ ನನ್ನ ಮಗಳ ಹೆಸರು ಗೊತ್ತಿರಲಿಲ್ಲ, ಅದಕ್ಕೆ ಕಣ್ಣಿಲ್ಲ, ಹಗೆಯಿಲ್ಲ, ಯಾರೂ ನೋಡುತ್ತಾ ಸುಮ್ಮನೆ ನಿಂತಿರಲಿಲ್ಲ, ಈ ಒಂದು ಮಾತಿನ ಮೇಲೆ ಎದ್ದಳು, ಬಾಚಿಕೊಂಡಳು, ಕೆಲಸಕ್ಕೆ ಬಂದಳು. ಅಕ್ಕ ಮಾತ್ರ ಅವತ್ತು, ಮನೆ ತುಂಬ ಜನರಿದ್ದಾಗ, ನೀನೊಂದು ಸಲ, ಒಂದೇ ಒಂದು ಸಲ ಅವನನ್ನ ಬೇಡ್ಕೊಂಡಿದ್ರೆ ಏನು ಹೋಗ್ತಿತ್ತೇ ನಿನ್ನ ಗಂಟು ಅಂದಳು, ಅಮ್ಮ ಹೋದ ಮೇಲೆ ಅವಳಿಗೆ ಜಡೆ ಹೆಣೆದ ಅಕ್ಕ, ತನ್ನ ತಟ್ಟೆಯಿಂದ ತೆಗೆದು ತಿನ್ನಿಸಿದ ಅಕ್ಕ, ಅವತ್ತಿನಿಂದ ಇವಳು ಅವಳ ಹತ್ತಿರ ಮಾತು ಬಿಟ್ಟಳು, ಆರು ವರ್ಷ, ಒಂದೇ ಊರಿನಲ್ಲಿ, ಎರಡು ಬಸ್ಸಿನಷ್ಟು ದೂರದಲ್ಲಿ. ಈಗ ಇದರ ಜೊತೆಗೆ ಗಂಡನೂ, ಅವಳಿಗಿಂತ ಗಟ್ಟಿ ನಾಸ್ತಿಕ, ಸುದ್ದಿ ಬಂದ ಮೂರನೆಯ ದಿನ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಹಂಗಾದ್ರೆ ಮಿಡತೆ ಎಲ್ಲಾದ್ರೂ ಇರಬಹುದಾ ಎಂದು ಕೇಳಿದ, ಎಷ್ಟು ಮೆಲ್ಲಗೆ ಕೇಳಿದನೆಂದರೆ ಮನೆಯಲ್ಲಿ ಯಾರೋ ಮಲಗಿದ್ದಾರೆ ಅನ್ನುವ ಹಾಗೆ, ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು, ಅದನ್ನ ಸಾಬೀತು ಮಾಡಿಲ್ಲ ಅಂದಳು, ಅವನು ತಲೆಯಾಡಿಸಿದ, ಹೌದು, ಮಾಡಿಲ್ಲ, ಆದರೆ ಅವತ್ತಿನಿಂದ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾನೆ, ಬಾಯಿ ತೆರೆದುಕೊಂಡು, ಹುಡುಗನ ಹಾಗೆ, ಆ ನಿದ್ದೆಯನ್ನು ನೋಡಿದರೆ ಹೊಟ್ಟೆಕಿಚ್ಚು, ಅವನಿಗೆ ಸಿಕ್ಕಿದ್ದು ಮಗಳು, ಅವಳಿಗೆ ಸಿಕ್ಕಿದ್ದು ಒಬ್ಬ ನೋಡುತ್ತ ನಿಂತವನು.

ಮುದುಕ ಪದಕ ಕಟ್ಟಿಕೊಂಡು ಹೋದ, ಮುಂದಿನ ಚೀಟಿ, ಬಲ ಮಣಿಕಟ್ಟು, ಬಿದ್ದದ್ದು, ಹೆಂಗಸು, ಐವತ್ತಾರು, ಹೆಸರು ಓದಿ ಇನ್ನೊಂದು ಸಲ ಓದಿದಳು, ಅಕ್ಕನ ಹೆಸರು, ಬಾಗಿಲಲ್ಲಿ ಅಕ್ಕ, ಎಡಗೈಯಲ್ಲಿ ಬಲಗೈಯನ್ನು ಮಗುವಿನ ಹಾಗೆ ಎತ್ತಿಕೊಂಡು ನಿಂತಿದ್ದಾಳೆ, ತಲೆ ಎಷ್ಟು ಬೆಳ್ಳಗಾಗಿದೆ. ಗೆದ್ದ ಮುಖ ಹೊತ್ತುಕೊಂಡು ಬರುತ್ತಾಳೆ, ನೋಡಿದೆಯಾ ಅನ್ನುತ್ತಾಳೆ ಎಂದು ಇಷ್ಟು ದಿನ ಕಾದಿದ್ದಳು, ಉತ್ತರವನ್ನೂ ಕಟ್ಟಿಟ್ಟುಕೊಂಡಿದ್ದಳು, ಆದರೆ ಅಕ್ಕ ಹಣೆಗೆ ಏನೂ ಇಟ್ಟಿಲ್ಲ, ಕೊರಳು ಬರಿದು, ಊರಿಗೆ ಊರೇ ಪದಕ ತೊಟ್ಟುಕೊಂಡಿರುವಾಗ ಅಕ್ಕನ ಕೊರಳು ಬರಿದು. ಕೂತ್ಕೋ ಅಂದಳು. ಕೂತಳು. ಹೇಗೆ ಬಿದ್ದೆ. ಸ್ಟೂಲಿನಿಂದ. ಈ ವಯಸ್ಸಲ್ಲಿ ಸ್ಟೂಲು ಯಾಕೆ ಹತ್ತಿದೆ. ಅಕ್ಕ ನೆಲ ನೋಡಿದಳು, ದೇವರ ಪಟ ಇಳಿಸೋಕೆ ಹತ್ತಿದೆ ಕಣೆ, ಅವನು ನನ್ನನ್ನೇ ಇಳಿಸಿಬಿಟ್ಟ ಅಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಮೊದಲು ನಕ್ಕದ್ದು ಯಾರೋ, ನಗು ತಡೆಯಲಾರದೆ ಅಕ್ಕ ಕೈ ಅಲುಗಿಸಿ ಅಯ್ಯಯ್ಯೋ ಎಂದು ಕೂಗಿಕೊಂಡಳು, ಆಮೇಲೆ ಆ ಕೂಗು ನಿಲ್ಲಲಿಲ್ಲ, ಅಳುವಾಯಿತು. ಹದಿನೇಳು ದಿನವೂ ಬೇಡ್ಕೊಂಡೆ ಕಣೆ ನಾನು, ಒಂದೇ ಹೊತ್ತು ಊಟ ಮಾಡಿ, ನನ್ನನ್ನ ಕರ್ಕೋ ಮಿಡತೇನ ಬಿಡು ಅಂತ, ಅವಳು ಹೋದ ಮೇಲೆ ನನ್ನ ಮಾತು ಅವನಿಗೆ ತಲುಪಲೇ ಇಲ್ಲ ಅಂದ್ಕೊಂಡೆ, ನೀನು ಬೇಡದೆ ಇದ್ದಿದ್ದಕ್ಕೆ ತಲುಪಲಿಲ್ಲ ಅಂದ್ಕೊಂಡೆ, ತಪ್ಪನ್ನ ಯಾರ ಮೇಲಾದ್ರೂ ಹಾಕಬೇಕಿತ್ತಲ್ಲ, ನಿನ್ನ ಮೇಲೆ ಹಾಕಿದೆ, ಈಗ ತಲುಪಿತ್ತು ಅಂತ ಸಾಬೀತು ಮಾಡಿಬಿಟ್ರು, ಒಂದೊಂದು ಮಾತೂ ಕೇಳಿಸ್ಕೊಂಡಿದ್ದ, ಕೇಳಿಸ್ಕೊಂಡು ಕೂತಿದ್ದ. ಅಕ್ಕನ ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿಲ್ಲ, ಅವಳೇ ಹತ್ತಿ ತೆಗೆದು ಒರೆಸಿದಳು, ಒರೆಸುವಾಗ ಅಕ್ಕ ಚಿಕ್ಕವಳ ಹಾಗೆ ಮುಖ ಮುಂದೆ ಚಾಚಿದಳು. ಪುಟ್ಟೀ, ನೀನು ಇಷ್ಟು ವರ್ಷ ಅವನಿಲ್ಲದೆ ಹೇಗೆ ಇದ್ದೆ, ನನಗೂ ಸ್ವಲ್ಪ ಹೇಳಿಕೊಡೇ, ನನಗೆ ಬರಲ್ಲ.

ಹೇಳಿಕೊಡುವುದು ಏನನ್ನು, ಅವನು ಇಲ್ಲದಾಗ ಅವನಿಲ್ಲದೆ ಇರುವುದು ಸುಲಭ, ಖಾಲಿ ಕುರ್ಚಿಗೆ ಬೆನ್ನು ತಿರುಗಿಸಿ ಕೂರಲು ಏನು ಕಷ್ಟ, ಈಗ ಕುರ್ಚಿಯಲ್ಲಿ ಕೂತಿದ್ದಾನೆ, ಈಗ ಬೆನ್ನು ತಿರುಗಿಸುವುದನ್ನು ಅವಳೂ ಮೊದಲಿನಿಂದ ಕಲಿಯಬೇಕು. ಅದನ್ನೇ ಹೇಳಿದಳು, ನನಗೂ ಬರಲ್ಲ ಅಕ್ಕಾ, ನಾನೂ ನಿನ್ನ ಕ್ಲಾಸೇ ಈಗ, ಕೈ ಇಲ್ಲಿಡು. ಮೇಜಿನ ಮೇಲೆ ಪ್ಲೇಟು, ಇಡುವ ಮುಂಚೆ ಅಂಗೈಯಲ್ಲಿ ಉಜ್ಜಿದಳು, ಅಕ್ಕನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಚಪ್ಪಟೆಯಾಗಿ ಹರಡಿದಳು, ನೋಯುತ್ತಾ, ಇಲ್ಲ, ಸುಳ್ಳು ಹೇಳಬೇಡ, ನೋಯುತ್ತೆ. ಹೀಗೆಯೇ ಒಂದು ಸಲ ಮಿಡತೆಯ ಕೈಯನ್ನೂ ಹರಡಿದ್ದಳು, ಆರು ವರ್ಷವಿದ್ದಾಗ, ಬೆಂಚಿನಿಂದ ಹಾರಿ ಬಿದ್ದು ಮಣಿಕಟ್ಟು ಊದಿಸಿಕೊಂಡು ಬಂದಿದ್ದಳು, ಏನೂ ಆಗಿರಲಿಲ್ಲ, ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರೆ, ಅಮ್ಮಾ ನನ್ನ ಕೈ ಮುರಿದು ಚೂರುಚೂರಾಗಿದೆ ಎಂದು ಕೂಗಿದ್ದಳು, ಇಲ್ಲ ಕಣೇ, ಮಕ್ಕಳ ಮೂಳೆಯೇ ಹಾಗೆ, ತುದಿ ಬೇರೆ ನಡುವೆ ಬೇರೆ, ಮಧ್ಯೆ ಕಪ್ಪು ಗೆರೆ ಇದೆಯಲ್ಲ, ಅದು ಬೆಳೆಯೋಕೆ ಬಿಟ್ಟ ಜಾಗ, ನೀನು ದೊಡ್ಡವಳಾಗ್ತಾ ಆಗ್ತಾ ತುಂಬಿಕೊಂಡು ಒಂದಾಗುತ್ತೆ. ಯಾರಮ್ಮ ಬಿಟ್ಟಿದ್ದು. ಯಾರೂ ಇಲ್ಲ, ತಾನೇ. ಯಾರೂ ಬಿಡದೆ ಜಾಗ ಹೇಗೆ ಇರುತ್ತೆ, ಎಂದು ಕೇಳಿ ಉತ್ತರಕ್ಕೂ ಕಾಯದೆ ಹಾರುತ್ತ ಓಡಿಹೋಗಿದ್ದಳು. ಅಲ್ಲಾಡಬೇಡ ಅಕ್ಕಾ ಎಂದು ಗಾಜಿನ ಹಿಂದೆ ಬಂದು ಗುಂಡಿ ಒತ್ತಿದಳು, ಪರದೆಯ ಮೇಲೆ ಅಕ್ಕನ ಕೈ ಮೂಡಿತು, ದೊಡ್ಡ ಮೂಳೆಯ ತುದಿಯಲ್ಲಿ ಸಣ್ಣ ಬಿರುಕು, ಸರಿದಿಲ್ಲ, ಪಟ್ಟಿ ಹಾಕಿದರೆ ಆರು ವಾರ, ಅಷ್ಟೇ, ಮನೆಗೆ ಕರೆದುಕೊಂಡು ಹೋಗಬೇಕು, ಒಂದು ಕೈಯಲ್ಲಿ ಹೇಗೆ ಬೇಯಿಸಿಕೊಳ್ಳುತ್ತಾಳೆ, ಮಿಡತೆಯ ಕೋಣೆಯಲ್ಲಿ ಮಲಗಲಿ, ಐವತ್ತಾರರ ಕೈ, ಎಲ್ಲ ಕೂಡಿಕೊಂಡಿದೆ, ಎಲ್ಲೂ ಜಾಗ ಉಳಿದಿಲ್ಲ, ನೋಡುತ್ತ ನೋಡುತ್ತ ಆ ದೊಡ್ಡ ಮೂಳೆಗಳ ಒಳಗಿನಿಂದ ಮಿಡತೆಯ ಚಿಕ್ಕ ಕೈ ಎದ್ದು ಬಂತು, ಬೆರಳುಗಳ ಬುಡದಲ್ಲಿ ಒಂದೊಂದು ಕಪ್ಪು ಗೆರೆ, ಎಷ್ಟು ನಾಜೂಕಾಗಿ ಅಳೆದು ಬಿಟ್ಟ ಗೆರೆ, ಇಷ್ಟು ಜಾಗ ಬಿಟ್ಟಿದ್ದೆಯಲ್ಲ, ಬೆಳೆಯಲಿ ಅಂತ ತಾನೇ ಬಿಟ್ಟಿದ್ದು, ಬಿಟ್ಟು ಮತ್ತೆ ಯಾಕೆ ನೋಡ್ತಾ ನಿಂತೆ. ಯಾರ ಹತ್ರ ಮಾತಾಡ್ತಿದ್ದೀಯೇ ಪುಟ್ಟೀ ಎಂದು ಅಕ್ಕ ಗಾಜಿನ ಆ ಕಡೆಯಿಂದ ಕೇಳಿದಳು, ಬಾಯಿಂದ ಹೊರಗೆ ಬಂದುಬಿಟ್ಟಿತ್ತೇ ಅದು, ಅವನನ್ನು ನೀನು ಎಂದು ಕರೆದಳೇ, ಹುಟ್ಟಿದಾಗಿನಿಂದ ಒಮ್ಮೆಯೂ ಅನ್ನದವಳು, ಬೇಡಲಿಕ್ಕಲ್ಲ, ಬೈಯಲಿಕ್ಕೂ ಅಲ್ಲ, ಮಿಡತೆ ಕೇಳಿದ ಹಾಗೆ ಸುಮ್ಮನೆ ಕೇಳಿಬಿಟ್ಟಳು, ಮಗಳು ಉತ್ತರಕ್ಕೆ ಕಾಯಲಿಲ್ಲ, ಇವಳು ಕಾಯುತ್ತಿದ್ದಾಳೆ, ಕೈ ಗುಂಡಿಯ ಮೇಲೆಯೇ ಇದೆ, ಕೆಂಪು ದೀಪ ಆರಿದೆ, ಕಣ್ಣ ಮುಂದೆ ಬರೀ ಆ ಪುಟ್ಟ ಕೈ, ಹರಡಿದ ಐದು ಬೆರಳು, ಬೆರಳ ಬುಡದಲ್ಲಿ ಕಪ್ಪು ಗೆರೆ, ಕೂದಲೆಳೆಯಷ್ಟು, ಇನ್ನೂ ಕೂಡಿಕೊಳ್ಳದ, ತೆರೆದೇ ಇರುವ —