ಬೀರುವಿನೊಳಗಿನ ಕುಕ್ಕರ್

ಅತ್ತೆ ಬರುತ್ತಾರೆಂದು ತಿಳಿದ ದಿನ ಸೊಸೆ ಮಾಡಿದ ಮೊದಲ ಕೆಲಸವೆಂದರೆ, ಅಡುಗೆಕಟ್ಟೆಯ ಮೇಲಿದ್ದ ಕರೆಂಟ್ ಕುಕ್ಕರನ್ನು ಎತ್ತಿ ಮಲಗುವ ಕೋಣೆಯ ಬೀರುವಿನಲ್ಲಿ ಕಂಬಳಿಗಳ ಹಿಂದೆ ಬಚ್ಚಿಟ್ಟದ್ದು.

"ಏನು, ಅದಕ್ಕೆ ಅಜ್ಞಾತವಾಸವಾ?" ಎಂದು ಗಂಡ ನಕ್ಕ.

"ನೀವು ಬಾಯಿ ಬಿಟ್ಟೀರಿ ಮತ್ತೆ!"

"ನಾನ್ಯಾಕೆ ಬಿಡ್ಲಿ? ನನಗೆ ಹೊತ್ತಿಗೆ ಸರಿಯಾಗಿ ಊಟ ಸಿಕ್ಕಿದ್ರೆ ಸಾಕು."

ಅತ್ತೆ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಜೀವಮಾನವಿಡೀ ಅಡುಗೆ ಮಾಡಿ ನಿವೃತ್ತರಾದವರು. ಕೆಲಸಗಾರರು ಅವರನ್ನು 'ದೊಡ್ಡ ಸೌಟು' ಎನ್ನುತ್ತಿದ್ದರು, ಎದುರಿಗಲ್ಲ. ಮಗನ ಮದುವೆಯಾದ ಹೊಸತರಲ್ಲಿ ಅವರು ಪಕ್ಕದ ಮನೆಯವರ ಕರೆಂಟ್ ಕುಕ್ಕರ್ ನೋಡಿ ಬಂದು, "ಅದೂ ಒಂದು ಅಡುಗೇನಾ? ಅಕ್ಕೀನ ಡಬ್ಬಿಯೊಳಗೆ ಕೂಡಿಹಾಕಿ, ಗುಂಡಿ ಒತ್ತಿ, ಕಾಲು ಚಾಚಿ ಕೂತ್ಕೊಳ್ಳೋದು! ಅಷ್ಟು ಪುರುಸೊತ್ತಿಲ್ಲದೋರು ಉಣ್ಣೋದಾದ್ರೂ ಯಾಕೆ?" ಎಂದಿದ್ದರು. ಸೊಸೆಗೆಂದು ಆಡಿದ ಮಾತಲ್ಲ ಅದು. ಆದರೆ ಅವಳು ಮಾತನ್ನು ಸುಮ್ಮನೆ ದಾಟಿಹೋಗಲು ಬಿಡುವವಳಲ್ಲ. ಮುದ್ರಣಾಲಯದಲ್ಲಿ ಕರಡು ತಿದ್ದುವುದು ಅವಳ ಉದ್ಯೋಗ. ಇನ್ನೊಬ್ಬರ ಕಣ್ಣಿಗೆ ಬೀಳದ ತಪ್ಪನ್ನು ಹೆಕ್ಕಿ ತೆಗೆಯುವ ಕಣ್ಣು ಅವಳದು, ಆ ಕಣ್ಣು ಹೆಚ್ಚಾಗಿ ತಿರುಗುತ್ತಿದ್ದದ್ದು ಅವಳ ಮೇಲೆಯೇ.

ಒಲೆಯ ಮುಂದೆ ನಿಂತರೆ ಅವಳಿಗೆ ಪರೀಕ್ಷೆಗೆ ಕೂತ ಹಾಗಾಗುತ್ತಿತ್ತು. ಅನ್ನ ತಳ ಹಿಡಿಯುತ್ತಿತ್ತು, ಬೇಳೆ ಕಲ್ಲಿನಂತೆ ಉಳಿಯುತ್ತಿತ್ತು. ಕುಕ್ಕರ್ ಬಂದ ಮೇಲೆಯೇ ಆ ಮನೆಯಲ್ಲಿ ನೆಮ್ಮದಿಯ ಊಟ ಶುರುವಾದದ್ದು. ಬೆಳಿಗ್ಗೆ ಅನ್ನ, ಸಂಜೆ ಬೇಳೆ ತರಕಾರಿ, ಮೈ ಸರಿಯಿಲ್ಲದ ದಿನ ಗಂಜಿ, ಎಲ್ಲವೂ ಅದರಲ್ಲೇ.

ಅತ್ತೆ ಬಂದದ್ದು ಸುಮ್ಮನೆ ಅಲ್ಲ. ಬಚ್ಚಲಿನಲ್ಲಿ ಜಾರಿ ಬಿದ್ದು ಅವರ ಬಲಗೈ ಮಣಿಕಟ್ಟು ಮುರಿದಿತ್ತು. ಮೂಳೆಯೇನೋ ಕೂಡಿತು, ಕೈಗೆ ಬಲ ಮಾತ್ರ ಬರಲಿಲ್ಲ. ಲೋಟ ಹಿಡಿದರೂ ಅದು ಮೆಲ್ಲಗೆ ಓರೆಯಾಗುತ್ತಿತ್ತು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅವರು ಒಬ್ಬರೇ ಇದ್ದವರು, ಅಲ್ಲಿಗೇ ಮರಳಬೇಕೆಂದು ಪಟ್ಟು ಹಿಡಿದಿದ್ದರು. ಮಕ್ಕಳಿಬ್ಬರಿಗೂ ಅವರು ಒಂದೇ ಮಾತು ಹೇಳಿದ್ದರು. "ನನ್ನ ಎರಡು ಹೊತ್ತಿನ ಊಟ ನಾನೇ ಬೇಯಿಸ್ಕೊಳ್ಳೋ ಹಾಗಾದ್ರೆ ಹೋಗ್ತೀನಿ. ಆಗ್ದಿದ್ರೆ ನೀವು ಹೇಳಿದ ಹಾಗೆ ಕೇಳ್ತೀನಿ. ಆದ್ರೆ ಅಲ್ಲೀವರೆಗೂ ಯಾರೂ ಆ ಮನೆ ಸುದ್ದಿ ಎತ್ಬಾರ್ದು."

ಸೊಸೆಯ ಕಳ್ಳ ಅಡುಗೆ ಹೀಗೆ ನಡೆಯುತ್ತಿತ್ತು: ಅತ್ತೆ ಸ್ನಾನಕ್ಕೆ ಹೋದ ಕೂಡಲೇ ಅಕ್ಕಿ ತೊಳೆದು ಮಲಗುವ ಕೋಣೆಗೆ ಒಯ್ಯುವುದು, ಬಾಗಿಲು ಮುಚ್ಚಿ ಕಿಟಕಿ ತೆಗೆದು ಕುಕ್ಕರಿನ ಗುಂಡಿ ಒತ್ತುವುದು. ಒಲೆಯ ಮೇಲೆ ಬರೀ ನೀರು ಕುದಿಯುತ್ತಿರುತ್ತಿತ್ತು, ಶಬ್ದಕ್ಕಾಗಿ. ಬೆಂದದ್ದನ್ನು ಆಮೇಲೆ ಸ್ಟೀಲ್ ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟು, ಸೌಟು ಹಿಡಿದು ನಿಲ್ಲುವುದು.

"ಸೀಟೀನೇ ಕೇಳಿಸ್ಲಿಲ್ವಲ್ಲೇ," ಎಂದರು ಅತ್ತೆ ಮೊದಲ ದಿನ. "ಬರೀ ಪಾತ್ರೇಲಿ ಬೇಯಿಸಿದ್ಯಾ?"

ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನಕ್ಕಳು.

"ಭೇಷ್! ಈ ಕಾಲದಲ್ಲಿ ಯಾರಿಗಿದೆ ಈ ತಾಳ್ಮೆ? ಅನ್ನ ನೋಡು, ಮಲ್ಲಿಗೆ ಮೊಗ್ಗಿನ ಹಾಗಿದೆ. ಲೋ, ನಿನ್ನ ಹೆಂಡ್ತಿ ಕೈ ಪಳಗಿದೆ ಕಣೋ!"

ಗಂಡ ತಟ್ಟೆಯಿಂದ ತಲೆ ಎತ್ತದೆ, "ಹೌದಮ್ಮ, ತುಂಬಾ ಪಳಗಿದೆ," ಎಂದ. ಮೇಜಿನ ಕೆಳಗೆ ಅವಳು ಅವನ ಕಾಲು ತುಳಿದಳು.

ಅಡುಗೆ ಮುಗಿದಾಗ ಕುಕ್ಕರ್ ಪೀಂ ಪೀಂ ಎಂದು ಕೂಗುತ್ತಿತ್ತು. ಅದೇನು ಸದ್ದೆಂದು ಅತ್ತೆ ಕೇಳಿದ್ದಕ್ಕೆ, "ಆಫೀಸಿನ ಮೆಸೇಜು ಅತ್ತೆ," ಎಂದುಬಿಟ್ಟಳು. ಅಂದಿನಿಂದ ಆ ಸದ್ದು ಕೇಳಿದಾಗಲೆಲ್ಲ ಅತ್ತೆ, "ಪಾಪ, ಒಲೆ ಮುಂದೆ ನಿಂತ್ರೂ ಬಿಡಲ್ವಲ್ಲೇ ನಿನ್ನ ಆಫೀಸಿನೋರು," ಎಂದು ಮರುಗುತ್ತಿದ್ದರು. ಪ್ರತಿ ಸಲ ಅವಳ ಕಿವಿ ಬಿಸಿಯಾಗುತ್ತಿತ್ತು. ನಾಳೆ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದಳು. ನಾಳೆಯ ಊಟಕ್ಕೆ ಇನ್ನೊಂದು ಹೊಗಳಿಕೆ ಬಂದು ಬೀಳುತ್ತಿತ್ತು. ಅತ್ತೆ ದಿನಾ ಸಂಜೆ ತಂಗಿಗೆ ಫೋನು ಮಾಡಿ, ಸೊಸೆಯ ಬೇಳೆ ಎಷ್ಟು ಹದವಾಗಿ ಬೆಂದಿತ್ತೆಂದು ವಿವರಿಸುವುದನ್ನು ಕೇಳಿ ಅವಳು ಬಚ್ಚಲಿಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಕನ್ನಡಕ ಮರೆತು ಅರ್ಧ ದಾರಿಯಿಂದ ಮನೆಗೆ ಮರಳಿದಳು. ಮೆಲ್ಲಗೆ ಬಾಗಿಲು ತೆಗೆದಾಗ ಅಡುಗೆಮನೆಯಿಂದ ಪಾತ್ರೆ ಬಿದ್ದ ಸದ್ದು ಕೇಳಿಸಿತು. ಅತ್ತೆ ನೆಲದ ಮೇಲೆ ಕೂತಿದ್ದರು. ಅನ್ನದ ಗಂಜಿ ಬಸಿಯಲು ಹೋಗಿ ಪಾತ್ರೆ ಕೈತಪ್ಪಿತ್ತು. ಸದ್ಯ, ಕುದಿಯುವ ಗಂಜಿ ಅವರ ಕಾಲಿನ ಮೇಲೆ ಚೆಲ್ಲಿರಲಿಲ್ಲ. ಹಬೆಯಾಡುತ್ತಿದ್ದ ಅನ್ನವನ್ನು ಅವರು ಎಡಗೈಯಿಂದ ಬಳಿದು ಬಳಿದು ಗುಡ್ಡೆ ಮಾಡುತ್ತಿದ್ದರು. ಬಲಗೈ ಮಡಿಲಲ್ಲಿ ಯಾರದೋ ಕೈಯಂತೆ ಬಿದ್ದಿತ್ತು. "ಅಷ್ಟೂ ಆಗಲ್ವಾ ನಿಂಗೆ? ಅವಳು ನಿನ್ನೆ ಮೊನ್ನೆ ಕಲಿತೋಳು, ಅವಳಿಗಾಗುತ್ತೆ, ನಿಂಗಾಗಲ್ವಾ?" ಎಂದು ಅವರು ಆ ಕೈಗೆ ಬೈಯುತ್ತಿದ್ದರು.

ಸೊಸೆ ಬಾಗಿಲಲ್ಲೇ ನಿಂತಳು. ಆಮೇಲೆ ಬಂದ ಹಾಗೆಯೇ ಸದ್ದಿಲ್ಲದೆ ಹೊರಟುಹೋದಳು. ಅತ್ತೆಯ ಮರ್ಯಾದೆ ಉಳಿಯಲೆಂದು ಹಾಗೆ ಮಾಡಿದೆನೆಂದು ಬಸ್ಸಿನಲ್ಲಿ ಕೂತು ತನಗೆ ತಾನೇ ಹೇಳಿಕೊಂಡಳು. ಇಳಿಯುವ ಹೊತ್ತಿಗೆ ಅದು ಸುಳ್ಳೆಂದು ಅವಳಿಗೆ ಗೊತ್ತಾಗಿತ್ತು. ಒಳಗೆ ಹೋಗಿದ್ದರೆ ಬೀರು ತೆಗೆದು ಕುಕ್ಕರ್ ತೋರಿಸಬೇಕಾಗುತ್ತಿತ್ತು. ಆ ದಿನ ಕನ್ನಡಕವಿಲ್ಲದೆ ತಿದ್ದಿದ ಹಾಳೆಗಳಲ್ಲಿ ಎಷ್ಟು ತಪ್ಪು ಉಳಿದವೋ ಅವಳಿಗೇ ಲೆಕ್ಕ ಸಿಗಲಿಲ್ಲ.

ಭಾನುವಾರ ಅತ್ತೆಯ ಹಿರಿಮಗ, ಭಾವ ಬಂದರು. ಊಟ ಮುಗಿಯುತ್ತಿದ್ದಂತೆ, "ಅಮ್ಮ, ಮನೆ ಮಾಲೀಕರು ಮತ್ತೆ ಕೇಳಿದ್ರು. ಇಟ್ಕೋತೀರಾ, ಬಿಡ್ತೀರಾ ಅಂತ," ಎಂದರು.

ಜಗಳವೇ ಆಗುತ್ತದೆಂದು ಎಲ್ಲರೂ ಕಾದಿದ್ದರು. ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಬಿಟ್ಬಿಡೋಣ," ಎಂದರು.

"ನಿಜವಾಗ್ಲೂ?"

"ಇನ್ನೇನು, ತಮಾಷೆಗಾ? ನನ್ನಿಂದ ಆಗಲ್ಲ ಕಣೋ. ಮಾಡಿ ನೋಡ್ದೆ. ಈ ಹುಡುಗಿ ಆಫೀಸಿನ ಕೆಲಸಾನೂ ಮಾಡ್ಕೊಂಡು, ಬರೀ ಪಾತ್ರೇಲಿ ಹೂವಿನ ಹಾಗೆ ಅನ್ನ ಮಾಡ್ತಾಳೆ. ನಾನು ಸಾವಿರ ಜನಕ್ಕೆ ಬಡಿಸಿದೋಳು, ಒಂದು ಹಿಡಿ ಅಕ್ಕಿ ಬಸಿಯೋಕಾಗ್ಲಿಲ್ಲ. ಮುಗೀತು ನನ್ನ ಕಾಲ."

ಭಾವ ಮಾಲೀಕರಿಗೆ ತಿಳಿಸಲು ಜೇಬಿನಿಂದ ಫೋನು ತೆಗೆದರು. ಗಂಡ ಹೆಂಡತಿಯ ಕಡೆ ನೋಡಿದ, ನೋಡಿ ಕಣ್ಣು ತಪ್ಪಿಸಿದ. ಅವಳು ಎಲ್ಲಿಂದ ಶುರು ಮಾಡಬೇಕೆಂದು ವಾಕ್ಯ ಕಟ್ಟಿದಳು, ಅಳಿಸಿದಳು, ಮತ್ತೆ ಕಟ್ಟಿದಳು. ಕೊನೆಗೆ ವಾಕ್ಯವಿಲ್ಲದೆಯೇ ಎದ್ದು ಹೋಗಿ, ಕುಕ್ಕರನ್ನು ತಬ್ಬಿಕೊಂಡು ಬಂದು ಮೇಜಿನ ಮೇಲಿಟ್ಟಳು. ಒಳಗೆ ಆಗಿನ ಊಟದ ನಾಲ್ಕು ಅಗುಳು ಇನ್ನೂ ಅಂಟಿಕೊಂಡಿದ್ದವು.

"ನಾನು ಮಾಡಿದ್ದಲ್ಲ ಅತ್ತೆ. ಎಲ್ಲಾ ಇದು ಮಾಡಿದ್ದು."

ಭಾವ ಗಹಗಹಿಸಿ ನಕ್ಕರು. ಗಂಡನಿಗೂ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ.

"ಮೊನ್ನೆ ಬೇಳೆ?"

"ಇದ್ರಲ್ಲೇ."

"ಆ ಪೀಂ ಪೀಂ?"

"ಇದೇ ಅತ್ತೆ."

"ಪಾಪ ಅಂತಿದ್ದೆನಲ್ಲೇ ನಾನು, ದಿನಾ."

ಅವಳಿಗೆ ಭೂಮಿ ಬಾಯಿ ತೆರೆದರೆ ಸಾಕೆನಿಸಿತು. ಆದರೆ ಇಲ್ಲಿಗೇ ನಿಲ್ಲಿಸಿದರೆ ಇದೂ ಅರ್ಧ ಸುಳ್ಳೇ ಆಗುತ್ತಿತ್ತು. "ಇನ್ನೊಂದಿದೆ. ಅವತ್ತು ಪಾತ್ರೆ ಬಿದ್ದಾಗ ನಾನು ಬಾಗಿಲಲ್ಲಿದ್ದೆ. ನೀವು ಕೈಗೆ ಬೈಕೊಳ್ತಿದ್ದದ್ದೂ ಕೇಳಿಸ್ತು. ಕೇಳಿಯೂ ಹೊರಟುಹೋದೆ."

ನಗು ನಿಂತುಹೋಯಿತು. ಅತ್ತೆಯ ಮುಖ ಕೆಂಪಾಗಿತ್ತು. ತಾನು ಅವರನ್ನು ಎಲ್ಲರೆದುರು ಅವತ್ತಿನಂತೆ ನೆಲದ ಮೇಲೆ ಮತ್ತೆ ಕೂರಿಸಿದೆನೆಂದು ಸೊಸೆಗೆ ಆಗ ಹೊಳೆಯಿತು.

"ನಿನ್ನ ಕೈ ನೋಡಿ ನನ್ನ ಕೈಯನ್ನ ಶಪಿಸಿದ್ನಲ್ಲೇ," ಎಂದರು ಅತ್ತೆ, ತೀರಾ ಮೆಲ್ಲಗೆ.

"ಹೋಗ್ಲಿ ಬಿಡಮ್ಮ, ಸಣ್ಣ ವಿಷಯ," ಎಂದರು ಭಾವ.

"ನೀನು ಸುಮ್ನಿರು. ಸಣ್ಣದೋ ದೊಡ್ಡದೋ ನಂಗೆ ಗೊತ್ತು. ಆ ಮಾಲೀಕರಿಗೆ ಈಗ್ಲೇ ಏನೂ ಹೇಳ್ಬೇಡ."

ಮರುದಿನ ಸಂಜೆ ಸೊಸೆ ಕೆಲಸದಿಂದ ಬಂದಾಗ ಅತ್ತೆ ಅಡುಗೆಕಟ್ಟೆಯ ಮುಂದೆ ನಿಂತಿದ್ದರು. ಬೀನ್ಸನ್ನು ಎಡಗೈಯಲ್ಲೇ ಮುರಿದು ಕುಕ್ಕರಿನ ಬೇಳೆಗೆ ಹಾಕಿದ್ದರು. ನೀರನ್ನು ಸಣ್ಣ ಲೋಟದಲ್ಲಿ ಸ್ವಲ್ಪ ಸ್ವಲ್ಪವೇ ಸುರಿಯುತ್ತಿದ್ದರು. ಅವಳು ಕೈ ಮುಂದೆ ಮಾಡಿದಾಗ, "ಮುಟ್ಬೇಡ," ಎಂದರು. ಮುಚ್ಚಳವನ್ನು ಮೊಣಕೈಯಿಂದ ಒತ್ತಿ ಮುಚ್ಚಿದರು. ಗುಂಡಿ ಒತ್ತಿದ ಮೇಲೆ ಅದರೆದುರೇ ಸ್ಟೂಲು ಎಳೆದುಕೊಂಡು, ಒಲೆಯ ಮುಂದೆ ಕೂತಂತೆ ಕೂತರು. ಎತ್ತಬೇಕಿಲ್ಲ, ಬಗ್ಗಿಸಬೇಕಿಲ್ಲ, ಬಸಿಯಬೇಕಿಲ್ಲ. ಕುಕ್ಕರ್ ಕೂಗಿದಾಗ ಅಲ್ಲಿಂದಲೇ ತಟ್ಟೆಗೆ ಬಡಿಸಿದರು, ಎಡಗೈಯಲ್ಲಿ.

ಮೂವರೂ ಊಟಕ್ಕೆ ಕೂತರು.

"ಹೇಗಿದೆ?" ಎಂದರು ಅತ್ತೆ, ಮಗನನ್ನಲ್ಲ, ಸೊಸೆಯನ್ನು.

ಚೆನ್ನಾಗಿದೆ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ತನ್ನ ಬಾಯಿಂದ ಬಂದರೆ ಆ ಮಾತನ್ನು ಇನ್ನು ಯಾರು ನಂಬುತ್ತಾರೆ? "ಬೇಳೆ ಚೆನ್ನಾಗಿ ಬೆಂದಿದೆ. ನೀರು ಜಾಸ್ತಿ ಆಗಿದೆ ಅತ್ತೆ," ಎಂದಳು.

ಅತ್ತೆ ಒಂದು ತುತ್ತು ಬಾಯಿಗಿಟ್ಟು ನೋಡಿದರು. "ಹೂಂ. ಒಲೆ ಲೆಕ್ಕದಲ್ಲಿ ಸುರಿದ್ಬಿಟ್ಟೆ. ಇದ್ರಲ್ಲಿ ಆವಿ ಆಚೆಗೇ ಹೋಗಲ್ಲ ಅನ್ಸುತ್ತೆ. ನೀನೆಷ್ಟು ಹಾಕ್ತೀಯ?"

ಅವಳು ತಟ್ಟೆ ನೋಡುತ್ತಲೇ ಹೇಳಿದಳು. ಅನ್ನಕ್ಕೆ ಇಷ್ಟು, ಬೇಳೆಗೆ ಇಷ್ಟು, ತರಕಾರಿ ಎಳೆಯದಾದರೆ ಇನ್ನೂ ಕಡಿಮೆ. ಅತ್ತೆ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು.

"ಸರಿ. ಶನಿವಾರ ನನ್ನನ್ನೂ ಇದನ್ನೂ ಆ ಮನೆಗೆ ಬಿಟ್ಟು ಬಾ. ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಅದು ತಿಳ್ಕೋ."

"ಗೊತ್ತು ಅತ್ತೆ."

"ಗೊತ್ತಿದ್ರೆ ತಟ್ಟೆ ತಾ. ನೀರಾಗಿದೆ ಅಂತ ಬಿಟ್ಟು ಏಳ್ಬೇಡ."

ಅವಳು ತಟ್ಟೆ ಚಾಚಿದಳು. ಎಡಗೈಯ ಸೌಟು ಓಲಾಡಿ ಒಂದಿಷ್ಟು ಬೇಳೆ ಮೇಜಿನ ಮೇಲೆ ಚೆಲ್ಲಿತು. ಒರೆಸಲು ಅವಳ ಕೈ ತುಡಿಯಿತು. ತಟ್ಟೆಯನ್ನು ಹಾಗೇ ಹಿಡಿದುಕೊಂಡೇ ಇದ್ದಳು, ಅತ್ತೆ ಎರಡನೆಯ ಸೌಟು ಹಾಕುವವರೆಗೂ.